ಶಾಲೆಯ ಚರಿತ್ರೆ ಬರೆಯಬೇಕು, ಹೆಡ್‌ಮಾಸ್ಟರುಗಳ ಪಟ್ಟಿ ಬಿಟ್ಟು ಏನಿದೆ?

ಲಷ್ಕರ್_ಹುಡುಗ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನ ಒಂದು ಕ್ಯಾಥೊಲಿಕ್ ಹೈಸ್ಕೂಲಿನಲ್ಲಿ ಓದಿದವನು. 1997ರ ಎಸ್ಸೆಸ್ಸೆಲ್ಸಿ ಬ್ಯಾಚು. ಶಾಲೆಯ ಹೆಸರು ಸದ್ಯಕ್ಕೆ ಬೇಡ. ಶಾಲೆಯಲ್ಲಿ ಒಂದು ಸಮಾರಂಭ ನಡೆಯಲಿದೆ, ಆ ವಿಷಯ ಆಡಳಿತ ಮಂಡಳಿಯವರು ಇನ್ನೂ ಹೊರಗೆ ಹೇಳಿಲ್ಲ.

ಹಳೇ ವಿದ್ಯಾರ್ಥಿಗಳ ಸಂಘದವರು ಸ್ಮರಣ ಸಂಚಿಕೆ ತರುತ್ತಿದ್ದಾರೆ. ಅದಕ್ಕೆ ಶಾಲೆಯ ಚರಿತ್ರೆ ಬರೆದುಕೊಡುವ ಕೆಲಸ ನನ್ನ ತಲೆಗೆ ಕಟ್ಟಿದ್ದಾರೆ. ಮೀಟಿಂಗ್‌ಗೆ ಹೋಗದೆ ಇದ್ದರೆ ಹೀಗೇ ಆಗೋದು. ಸದ್ಯಕ್ಕೆ ನನ್ನ ಕೈಯಲ್ಲಿರುವುದು ಇಷ್ಟೇ: ಹೆಡ್‌ಮಾಸ್ಟರ್ ರೂಮಿನ ಗೋಡೆಯ ಮೇಲಿರುವ ಹೆಸರುಗಳ ಹಲಗೆಯ ಫೋಟೊ, ನಾಲ್ಕೈದು ಗ್ರೂಪ್ ಫೋಟೊ, ಮತ್ತೆ ಹಳೇ ಸಂಚಿಕೆಯಲ್ಲಿದ್ದ ಒಂದು ಸಾಲು: 'ಮಹಾರಾಜರ ಅಮೃತಹಸ್ತದಿಂದ ಆರಂಭವಾದ ಶಾಲೆ'. ಇದು ನಿಜವಾ ಅಂತ ಕೇಳಿದರೆ ಯಾರಿಗೂ ಗೊತ್ತಿಲ್ಲ.

ಹೆಡ್‌ಮಾಸ್ಟರುಗಳ ಹೆಸರು, ಇಸವಿ, ಕಟ್ಟಡ ಉದ್ಘಾಟನೆ ಇಷ್ಟೇ ಬರೆದರೆ ಯಾರು ಓದುತ್ತಾರೆ? ಬೇರೆ ಏನು ಹುಡುಕಬೇಕು, ಎಲ್ಲಿ ಹುಡುಕಬೇಕು? ಇಂಥ ಕೆಲಸ ಮಾಡಿದವರು ಇದ್ದರೆ ದಯವಿಟ್ಟು ಹೇಳಿ.

---

ಬನ್ನೂರು_ಬಸ್ಸು:

ಅರ್ಧ ಪುಸ್ತಕ ಮಂತ್ರಿಗಳ ಶುಭ ಸಂದೇಶ, ಇನ್ನರ್ಧ ಜಾಹೀರಾತು. ಮಧ್ಯೆ ಎರಡು ಪುಟ ಚರಿತ್ರೆ ಅಂತ ಏನು ಹಾಕಿದರೂ ನಡೆಯುತ್ತದೆ ಬಿಡಿ ಗುರೂ.

---

ನಿವೃತ್ತ_ಮೇಷ್ಟ್ರು:

ಮೇಲಿನವರ ಮಾತಿಗೆ ನನಗೂ ನಗು ಬಂತು. ಸುಳ್ಳೇನಲ್ಲ. ಆದರೆ ನೀವು ಕೇಳಿದ ಪ್ರಶ್ನೆ ಚೆನ್ನಾಗಿದೆ, ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ. ನಾನು ಮೈಸೂರಿನ ಇಂಥದ್ದೇ ಒಂದು ಅನುದಾನಿತ ಹೈಸ್ಕೂಲಿನಲ್ಲಿ ಕನ್ನಡ ಪಂಡಿತನಾಗಿದ್ದವನು. ಜನಿವಾರದ ಮೇಷ್ಟ್ರು, ಸುತ್ತ ಫಾದರ್‌ಗಳು. ಯಾರೂ ಯಾರನ್ನೂ ತಿಂದುಹಾಕಲಿಲ್ಲ.

ಮೊದಲು ಆ ಮಹಾರಾಜರ ಸಾಲು. ದಾಖಲೆ ಸಿಗುವವರೆಗೆ ಅದನ್ನು ಅಚ್ಚು ಹಾಕಿಸಬೇಡಿ. ಮೈಸೂರಿನಲ್ಲಿ ಇದು ಬಹಳ ಕಡೆ ಕಲಸಿಹೋಗಿದೆ. ಅಶೋಕ ರಸ್ತೆಯ ಸಂತ ಫಿಲೋಮಿನಾ ಚರ್ಚಿಗೆ ಅಡಿಗಲ್ಲು ಹಾಕಿದ್ದು ನಾಲ್ವಡಿ ಕೃಷ್ಣರಾಜ ಒಡೆಯರು, 1933ರ ಅಕ್ಟೋಬರ್ 28ರಂದು. ಅದೇ ಜಾಗದಲ್ಲಿ ಮೊದಲಿದ್ದ ಚಿಕ್ಕ ಚರ್ಚು 1843ರದು, ಮುಮ್ಮಡಿಯವರ ಕಾಲದ್ದು. ಎರಡೂ ಚರ್ಚಿನ ಕಥೆ, ಶಾಲೆಯದ್ದಲ್ಲ. ಫಿಲೋಮಿನಾ ಕಾಲೇಜು ಶುರುವಾಗಿದ್ದು 1946ರಲ್ಲಿ, ಬಿಷಪ್ ರೆನೆ ಫ್ಯೂಗಾ ಅವರ ಕಾಲದಲ್ಲಿ. ಜನ ಈ ಮೂರನ್ನೂ ಸೇರಿಸಿ, ಅಕ್ಕಪಕ್ಕದ ಎಲ್ಲಾ ಶಾಲೆಗಳಿಗೂ ಮಹಾರಾಜರನ್ನು ಕರೆದುಕೊಂಡು ಬರುತ್ತಾರೆ. ನಿಮ್ಮ ಶಾಲೆಗೆ ಅರಮನೆಯ ಸಂಬಂಧ ಇದ್ದರೆ ಜಾಗದ ಕಾಗದದಲ್ಲೋ ಮಾನ್ಯತೆಯ ಆದೇಶದಲ್ಲೋ ಇದ್ದೇ ಇರುತ್ತದೆ. ಇಲ್ಲದಿದ್ದರೆ ಇಲ್ಲ. ಅದರಿಂದ ಶಾಲೆಯ ಮರ್ಯಾದೆಯೇನೂ ಹೋಗುವುದಿಲ್ಲ.

ಇನ್ನು ಮುಖ್ಯ ವಿಷಯ. ಶಾಲೆಯ ಆಫೀಸಿಗೆ ಹೋಗಿ ಅಡ್ಮಿಷನ್ ರಿಜಿಸ್ಟರ್ ಕೇಳಿ. ಹಾಜರಿ ಪುಸ್ತಕ, ಫೀಸು ಪುಸ್ತಕಗಳು ಕಾಲ ಕಳೆದ ಮೇಲೆ ಹೋಗುತ್ತವೆ. ಅಡ್ಮಿಷನ್ ರಿಜಿಸ್ಟರ್ ಮಾತ್ರ ಶಾಶ್ವತ ದಾಖಲೆ, ಯಾರೂ ಬಿಸಾಡುವ ಹಾಗಿಲ್ಲ. ಕಬ್ಬಿಣದ ಬೀರುವಿನ ಕೆಳಗಿನ ಅರೆಯಲ್ಲಿ ಇರುತ್ತದೆ. ಕ್ಯಾಲಿಕೊ ಬೈಂಡಿಂಗು, ಬೆನ್ನು ಕಿತ್ತುಹೋಗಿರುತ್ತದೆ, ತೆಗೆದರೆ ಸೀನು ಬರುತ್ತದೆ. ತುಂಬಾ ಹಳೆಯವುಗಳಲ್ಲಿ ಎಂಟನೇ ಕ್ಲಾಸು, ಒಂಬತ್ತನೇ ಕ್ಲಾಸು ಅಂತ ಇರುವುದಿಲ್ಲ, ಫಾರಂ ಲೆಕ್ಕ ಇರುತ್ತದೆ, ಆಗ ಕ್ಲಾಸುಗಳನ್ನು ಹಾಗೆ ಕರೆಯುತ್ತಿದ್ದರು. ಗಾಬರಿಯಾಗಬೇಡಿ.

ಅದರಲ್ಲಿ ಮಕ್ಕಳ ಹೆಸರಿನ ಕಾಲಂ ನೋಡಬೇಡಿ. ತಂದೆಯ ಉದ್ಯೋಗ ಅಂತ ಒಂದು ಕಾಲಂ ಇರುತ್ತದೆ. ಅದನ್ನು ಬೆರಳಿಟ್ಟು ಮೇಲಿಂದ ಕೆಳಗೆ ಓದಿಕೊಂಡು ಬನ್ನಿ. ನಮ್ಮ ಶಾಲೆಯ ಹಳೇ ಪುಟಗಳಲ್ಲಿ ಅರಮನೆ ನೌಕರಿ, ಜಟಕಾ, ಬಟ್ಲರ್, ರೈಲ್ವೆ ಎಂದೆಲ್ಲಾ ಇತ್ತು. ಆಮೇಲೆ ರೇಷ್ಮೆ ಕಾರ್ಖಾನೆ ಬಂತು, ಕೆ.ಆರ್. ಮಿಲ್ ಬಂತು. ಅರವತ್ತರ ದಶಕದಿಂದ ಪುಟಕ್ಕೆ ಒಂದೆರಡಾದರೂ 'ಐಡಿಯಲ್ ಜಾವಾ' ಇರುತ್ತಿತ್ತು. ಜಾವಾ ಫ್ಯಾಕ್ಟರಿಯಲ್ಲಿ ಬೈಕು ತಯಾರಾಗಲು ಶುರುವಾಗಿದ್ದು 1961ರಲ್ಲಿ, ಬಾಗಿಲು ಹಾಕಿದ್ದು 1996ರಲ್ಲಿ. ಆ ವರ್ಷದ ನಂತರದ ಪುಟ ನೋಡಿದರೆ, ಅದೇ ಮನೆಯ ಎರಡನೇ ಮಗುವಿನ ಎದುರು 'ಸ್ವಂತ ಕೆಲಸ' ಅಂತ ಬರೆದಿದೆ. ಸ್ವಂತ ಕೆಲಸ ಅಂದರೆ ಆಟೋ ಇರಬಹುದು, ತರಕಾರಿ ಗಾಡಿ ಇರಬಹುದು, ಏನೂ ಇಲ್ಲದೆಯೂ ಇರಬಹುದು. ಗುಮಾಸ್ತರು ಕೇಳಲಿಲ್ಲ, ಅವರೂ ಹೇಳಲಿಲ್ಲ. ಬನ್ನಿಮಂಟಪ, ಮಂಡಿ ಮೊಹಲ್ಲಾ, ಲಷ್ಕರ್ ಮೊಹಲ್ಲಾ ಐವತ್ತು ವರ್ಷದಲ್ಲಿ ಹೇಗೆ ಬದಲಾದವು ಅನ್ನುವುದು ಆ ಒಂದು ಕಾಲಂನಲ್ಲಿ ಸಿಗುತ್ತದೆ. ಯಾವ ಹೆಡ್‌ಮಾಸ್ಟರ ಭಾಷಣದಲ್ಲೂ ಸಿಗುವುದಿಲ್ಲ.

ಕೊನೆಯಲ್ಲಿ 'ಶಾಲೆ ಬಿಟ್ಟ ಕಾರಣ' ಅಂತ ಇನ್ನೊಂದು ಕಾಲಂ. ವರ್ಗಾವಣೆ, ತೇರ್ಗಡೆ, ದೀರ್ಘ ಗೈರುಹಾಜರಿ. ಹುಡುಗಿಯರ ಶಾಲೆಯಾದರೆ ಒಂಬತ್ತನೇ ಕ್ಲಾಸಿನ ಎದುರು ಈ 'ಗೈರುಹಾಜರಿ' ಜಾಸ್ತಿ. ಯಾಕೆ ಅಂತ ನಾನು ಹೇಳಬೇಕಾಗಿಲ್ಲ ಅಲ್ವಾ?

ಒಂದು ಎಚ್ಚರಿಕೆ. ಜಾತಿ ಕಾಲಂ, ಹುಟ್ಟಿದ ದಿನ, ಮನೆ ಹೆಸರು ಯಾವುದನ್ನೂ ಅಚ್ಚು ಹಾಕಬೇಡಿ. ಫೋಟೊ ತೆಗೆದು ವಾಟ್ಸಾಪ್‌ನಲ್ಲೂ ಬಿಡಬೇಡಿ. ಕಾಗದದಲ್ಲಿ ಬರೆದುಕೊಳ್ಳಿ, ಎಣಿಸಿ, ಹೆಸರಿಲ್ಲದೆ ಬಳಸಿ.

ಶಾಲೆಯ ದಿನಚರಿ ಬರೆಯುವುದನ್ನಂತೂ ಮರೆಯಬೇಡಿ. ನಮ್ಮಲ್ಲಿ ಗಂಟೆ ಅಂದರೆ ನೇತುಹಾಕಿದ ರೈಲು ಕಂಬಿಯ ತುಂಡು. ಮಧ್ಯಾಹ್ನ 12ಕ್ಕೆ ಚರ್ಚಿನ ಗಂಟೆ ಬಾರಿಸಿದಾಗ ಪಾಠ ನಿಲ್ಲಿಸಿ, ಕ್ರೈಸ್ತ ಮಕ್ಕಳು ಎದ್ದು ನಿಂತು ಪ್ರಾರ್ಥನೆ ಹೇಳುತ್ತಿದ್ದರು. ಉಳಿದವರು ಸುಮ್ನೆ ನಿಲ್ಲಬೇಕು. ನಾನು ಗದಾಯುದ್ಧದ ಪದ್ಯ ಹೇಳುತ್ತಿದ್ದರೆ ದುರ್ಯೋಧನನೂ ಅಲ್ಲೇ ನಿಲ್ಲಬೇಕಿತ್ತು. ವಾರದಲ್ಲಿ ಕೆಲವು ಪೀರಿಯಡ್ಡು ಕ್ರೈಸ್ತ ಮಕ್ಕಳಿಗೆ ಜ್ಞಾನೋಪದೇಶ, ಅಂದರೆ ಅವರ ಧರ್ಮದ ಪಾಠ, ಉಳಿದವರಿಗೆ ಮಾರಲ್ ಸೈನ್ಸ್. ಆ ಮಾರಲ್ ಸೈನ್ಸ್ ಪೀರಿಯಡ್ಡು ಯಾವಾಗಲೂ ನನ್ನ ಪಾಲಿಗೆ. ನಮ್ಮ ಶಾಲೆಯಲ್ಲಿ ಕ್ರೈಸ್ತ ಮಕ್ಕಳು ಯಾವ ಕಾಲದಲ್ಲೂ ಅರ್ಧಕ್ಕಿಂತ ಕಡಿಮೆ. ಶುಕ್ರವಾರ ಮಂಡಿ ಮೊಹಲ್ಲಾದ ಹುಡುಗರು ನಮಾಜಿಗೆ ಹೋಗಿ ತಡವಾಗಿ ಬರುವುದೂ ನಡೆದಿತ್ತು. ಅದಕ್ಕೆ ಲಿಖಿತ ಆದೇಶ ಏನೂ ಇರಲಿಲ್ಲ.

ದಸರಾ ವಿಷಯ ಹೇಳದಿದ್ದರೆ ಮೈಸೂರಿನ ಶಾಲೆಯೇ ಅಲ್ಲ. ಕ್ರೈಸ್ತ ಸಂಸ್ಥೆಗಳು ಕೇಳಿಕೊಂಡರೆ ದಸರಾ ರಜೆಯಲ್ಲಿ ಕೆಲವು ದಿನ ಕಡಿಮೆ ಮಾಡಿ ಕ್ರಿಸ್‌ಮಸ್‌ಗೆ ಕೊಡಲು ಶಿಕ್ಷಣ ಇಲಾಖೆ ಒಪ್ಪುತ್ತದೆ. ಬೇರೆ ಊರಲ್ಲಿ ಇದು ದೊಡ್ಡ ವಿಷಯವಲ್ಲ. ಮೈಸೂರಲ್ಲಿ ದೊಡ್ಡ ವಿಷಯ. ರಜೆ ಮುಗಿದು ಶಾಲೆ ತೆರೆದ ದಿನ ಕ್ಲಾಸಿನಲ್ಲಿ ಬೆಂಚುಗಳು ಮಾತ್ರ. ಹುಡುಗರು ವಸ್ತುಪ್ರದರ್ಶನದಲ್ಲಿ. ಆದರೆ ಬನ್ನಿಮಂಟಪದ ಪಂಜಿನ ಕವಾಯತಿಗೆ ಮಕ್ಕಳು ಬೇಕು ಅಂದಾಗ ನಮ್ಮ ಪಿ.ಟಿ. ಮೇಷ್ಟ್ರು ತಿಂಗಳುಗಟ್ಟಲೆ ತಾಲೀಮು ಮಾಡಿಸಿ ಕರೆದುಕೊಂಡು ಹೋಗುತ್ತಿದ್ದರು. ಫಾದರ್ ತಾವೇ ಬಂದು ಗ್ಯಾಲರಿಯಲ್ಲಿ ಕೂರುತ್ತಿದ್ದರು.

ಇನ್ನೂ ಒಂದಿದೆ. 1982ರ ಗೋಕಾಕ್ ಚಳವಳಿ. ಕನ್ನಡವೇ ಪ್ರಥಮ ಭಾಷೆ ಆಗಬೇಕು ಅಂತ ರಾಜ್‌ಕುಮಾರ್ ಬೀದಿಗೆ ಇಳಿದ ವರ್ಷ. ಅದಕ್ಕೆ ಮುಂಚೆ ಅಂಕದ ಆಸೆಗೆ ಸಂಸ್ಕೃತ ತೆಗೆದುಕೊಳ್ಳುವವರು ಬಹಳ. ನಮ್ಮ ಸ್ಟಾಫ್ ರೂಮು ಎರಡು ಪಾಲಾಯಿತು. ತಮಾಷೆ ಎಂದರೆ, ಕನ್ನಡ ಬೇಕು ಎಂದವರಲ್ಲಿ ಎಲ್ಲರಿಗಿಂತ ಜೋರಾಗಿದ್ದವರು ಒಬ್ಬ ಫಾದರ್. ಸಂಸ್ಕೃತ ಬೇಕು ಎಂದ ಪೋಷಕರ ಪರವಾಗಿ ಮಾತಾಡಿದವರು ನಮ್ಮ ಗಣಿತದ ಮೇಡಮ್ಮು, ಅವರೂ ಕ್ರೈಸ್ತರೇ. ನಿಮ್ಮ ಶಾಲೆಯಲ್ಲಿ ಏನಾಯಿತು ಅಂತ ಆ ಕಾಲದ ಮೇಷ್ಟ್ರುಗಳನ್ನು ಕೇಳಿ. ಬದುಕಿರುವಾಗಲೇ ಕೇಳಿ.

---

ಗಂಜಾಂ_ಅಂಜೂರ:

ಮೇಷ್ಟ್ರೇ, ಓದಿ ಖುಷಿಯಾಯಿತು. ನಾನು ಮಂಡ್ಯ ಜಿಲ್ಲೆಯವನು, ಶ್ರೀರಂಗಪಟ್ಟಣದ ಕಡೆ. ನಮ್ಮ ಮನೆಯವರು ಹಳೇ ಕ್ರೈಸ್ತರು. ಚರ್ಚಿನ ದಾಖಲೆ ಬಗ್ಗೆ ಸ್ವಲ್ಪ ಸೇರಿಸುತ್ತೇನೆ.

ಈ ಸೀಮೆಗೆ ಪಾದ್ರಿಗಳು ಬಂದಿದ್ದು ಬ್ರಿಟಿಷರ ಜೊತೆ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಲಿಯೊನಾರ್ಡೊ ಚಿನ್ನಮಿ ಎಂಬ ಇಟಲಿಯ ಯೇಸುಸಭೆಯ (ಜೆಸ್ಯೂಟ್) ಪಾದ್ರಿ ಶ್ರೀರಂಗಪಟ್ಟಣಕ್ಕೆ ಬಂದಿದ್ದು 1640ರ ದಶಕದ ಕೊನೆಯಲ್ಲಿ, ಕಂಠೀರವ ನರಸರಾಜ ಒಡೆಯರ ಕಾಲ. 1799ರಲ್ಲಿ ಟಿಪ್ಪು ಸತ್ತ ಮೇಲೆ ಇಲ್ಲಿನ ಕ್ರೈಸ್ತರನ್ನು ಒಟ್ಟುಗೂಡಿಸಿದ್ದು ಫ್ರಾನ್ಸಿನ ಅಬ್ಬೆ ದುಬಾಯ್. ಸಿಡುಬಿನ ಲಸಿಕೆ ಹಾಕಿಸಲು ಊರೂರು ಅಲೆದ ಅದೇ ಮನುಷ್ಯ. 1823ರಲ್ಲಿ ವಾಪಸ್ ಹೋದರು. ಶಾಲೆಯ ಚರಿತ್ರೆಗೆ ಇಷ್ಟು ಹಿಂದೆ ಹೋಗುವುದು ಬೇಡ, ಒಂದು ಪ್ಯಾರಾ ಸಾಕು.

ನಿಮಗೆ ಉಪಯೋಗಕ್ಕೆ ಬರುವುದು ಇದು. 1940ರವರೆಗೆ ಬೆಂಗಳೂರು, ಮೈಸೂರು ಎರಡೂ ಸೇರಿ ಒಂದೇ ಧರ್ಮಪ್ರಾಂತ್ಯ, ಅಂದರೆ ಒಬ್ಬ ಬಿಷಪ್ಪರ ಆಡಳಿತದ ಪ್ರದೇಶ. ಹೆಸರು ಮೈಸೂರು, ಬಿಷಪ್ ಇದ್ದಿದ್ದು ಬೆಂಗಳೂರಿನಲ್ಲಿ. ಹಾಗಾಗಿ ನಿಮ್ಮ ಶಾಲೆ ಅದಕ್ಕಿಂತ ಹಳೆಯದಾದರೆ ಪತ್ರ ವ್ಯವಹಾರವನ್ನು ಬೆಂಗಳೂರಿನಲ್ಲೂ ಹುಡುಕಬೇಕು. ಮೈಸೂರಿನ ಬಿಷಪ್ ಹೌಸಿನಲ್ಲಿ ಇಲ್ಲ ಅಂದ ಕೂಡಲೇ ಕೈಬಿಡಬೇಡಿ.

ಶಾಲೆ ನಡೆಸಿದ ಫ್ರೆಂಚ್ ಪಾದ್ರಿಗಳು ಪ್ಯಾರಿಸ್ ಫಾರಿನ್ ಮಿಷನ್ ಸಂಘದವರು, ಎಂಇಪಿ ಅನ್ನುತ್ತಾರೆ. ಅವರಲ್ಲಿ ತೀರಿಹೋದ ಒಬ್ಬೊಬ್ಬರ ಬಗ್ಗೆಯೂ ಜೀವನ ಪರಿಚಯ ಬರೆದಿಡುವ ಪದ್ಧತಿ ಇದೆ. ಅವರ ಸಂಗ್ರಹಾಲಯ ಇರ್ಫಾ ಪ್ಯಾರಿಸ್ಸಿನಲ್ಲಿದೆ, ಆ ಬರಹಗಳನ್ನು ಇಂಟರ್‌ನೆಟ್ಟಿನಲ್ಲೇ ಓದಬಹುದು. ಫ್ರೆಂಚ್ ಬರಬೇಕು ಅಂತೇನೂ ಇಲ್ಲ, ಮೊಬೈಲೇ ಅನುವಾದ ಮಾಡುತ್ತದೆ. ಹಲಗೆಯ ಮೇಲಿನ ಹೆಸರು ಹಾಕಿ ಹುಡುಕಿ. ಯಾವ ಊರಲ್ಲಿ ಹುಟ್ಟಿದರು, ಯಾವ ವರ್ಷ ಹಡಗು ಹತ್ತಿದರು ಎಲ್ಲಾ ಸಿಗುತ್ತದೆ.

ಚರ್ಚಿನ ಜ್ಞಾನಸ್ನಾನದ (ಬ್ಯಾಪ್ಟಿಸಂ) ಪುಸ್ತಕಗಳೂ ಇವೆ. ಹಳೆಯವು ಲ್ಯಾಟಿನ್‌ನಲ್ಲಿ. ನಮ್ಮ ತಾತನ ಹೆಸರು ಚೌರಪ್ಪ. ಪುಸ್ತಕದಲ್ಲಿ 'ಕ್ಸವೇರಿಯುಸ್' ಅಂತ ಇತ್ತು, ಅಂದರೆ ಕ್ಸೇವಿಯರ್. ಇನ್ನೊಂದು ಮಜಾ: ಅದರಲ್ಲಿ ಹುಟ್ಟಿದ ದಿನ ಒಂದು, ಶಾಲೆಯ ದಾಖಲೆಯಲ್ಲಿ ಇನ್ನೊಂದು. ಶಾಲೆಗೆ ಸೇರಿಸುವಾಗ ಮೇಷ್ಟ್ರುಗಳು ಕೊಟ್ಟ ಜನ್ಮದಿನ ಅದು!

---

ನಿವೃತ್ತ_ಮೇಷ್ಟ್ರು:

ಅಂಜೂರದವರೇ, ಆ ಆರೋಪವನ್ನು ಪ್ರೈಮರಿ ಶಾಲೆಯವರ ಮೇಲೆ ಹಾಕಿ. ನಾವು ಅವರು ಕೊಟ್ಟ ಟಿ.ಸಿ. ನೋಡಿ ಬರೆದುಕೊಳ್ಳುವವರು. ಜೂನ್ 1ರಂದು ಹುಟ್ಟಿದ ಹುಡುಗರು ಅಷ್ಟೊಂದು ಯಾಕೆ ಅಂತ ನಮಗೂ ಗೊತ್ತಿತ್ತು.

---

ಲಷ್ಕರ್_ಹುಡುಗ:

ಮೇಷ್ಟ್ರೇ, ಅಂಜೂರದವರೇ, ತುಂಬಾ ಥ್ಯಾಂಕ್ಸ್. ಜಾವಾ ವಿಷಯ ಓದಿ ಸ್ವಲ್ಪ ಹೊತ್ತು ಹಾಗೇ ಕೂತುಬಿಟ್ಟೆ. ನಮ್ಮಪ್ಪ ಅಲ್ಲೇ ಇದ್ದರು, ಪೇಂಟ್ ಸೆಕ್ಷನ್‌ನಲ್ಲಿ. ನಾನು ಹತ್ತನೇ ಕ್ಲಾಸಿನಲ್ಲಿದ್ದಾಗ ಮನೆಯಲ್ಲಿ ಫೀಸಿನ ಮಾತೇ ಎತ್ತುತ್ತಿರಲಿಲ್ಲ. ಆಮೇಲೆ ಅಮ್ಮ ಹೇಳಿದರು, ಹೆಡ್‌ಮಾಸ್ಟರ್ ಫಾದರ್ ಅವರೇ ಅಪ್ಪನನ್ನು ಕರೆಸಿ 'ಹುಡುಗನನ್ನು ಬಿಡಿಸಬೇಡಿ' ಅಂದರಂತೆ. ಅದನ್ನು ಸಂಚಿಕೆಯಲ್ಲಿ ಬರೆಯಬಹುದಾ? ಅಪ್ಪ ಒಪ್ಪುತ್ತಾರೋ ಇಲ್ಲವೋ.

ಆಫೀಸಿನಲ್ಲಿ ಕೇಳಿದೆ. ಈಗ ರಿಜಿಸ್ಟರ್ ತೆಗೆಯಲು ಆಗುವುದಿಲ್ಲ, ಎಸ್ಸೆಸ್ಸೆಲ್ಸಿ ಕೆಲಸ ಅಂದರು.

---

ನಿವೃತ್ತ_ಮೇಷ್ಟ್ರು:

ಅಪ್ಪನನ್ನು ಕೇಳಿ ಬರೆಯಿರಿ. ಬೇಡ ಅಂದರೆ ಬಿಡಿ. ಆ ವರ್ಷ ಅದೇ ರೀತಿ ಇನ್ನೂ ಹಲವು ಮನೆಗಳಿದ್ದವು, ಯಾರಾದರೂ ಒಬ್ಬರು ಒಪ್ಪುತ್ತಾರೆ.

ಆಫೀಸಿನವರನ್ನು ಈಗ ಕಾಡಬೇಡಿ. ಪರೀಕ್ಷೆ ಮುಗಿದು, ಬೇಸಿಗೆ ರಜೆಯಲ್ಲಿ ಟಿ.ಸಿ. ಬರೆಯುವ ಗಲಾಟೆ ಶುರುವಾಗುವ ಮುಂಚೆ ಸ್ವಲ್ಪ ಬಿಡುವಿರುತ್ತದೆ. ಸಂಘದ ಲೆಟರ್‌ಹೆಡ್ಡಿನಲ್ಲಿ ಹೆಡ್‌ಮಾಸ್ಟರಿಗೆ ಅರ್ಜಿ ಕೊಡಿ, ಶಾಲೆಯಲ್ಲೇ ಕೂತು ನೋಡುತ್ತೇವೆ, ಹೊರಗೆ ಒಯ್ಯುವುದಿಲ್ಲ ಅಂತ ಅದರಲ್ಲೇ ಬರೆಯಿರಿ. ಗುಮಾಸ್ತರಿಗೆ ಒಂದು ಕಾಫಿ ಕೊಡಿಸಿ. ಅಟೆಂಡರನ್ನೂ ಜೊತೆಗೆ ಕರೆಯಿರಿ, ಯಾವ ಪುಸ್ತಕ ಯಾವ ಬೀರುವಿನಲ್ಲಿದೆ ಅಂತ ಗೊತ್ತಿರುವುದು ಅವರಿಗೇ.