ಮಕರೋವ್ ತಗೊಳ್ಳಲಾ, ಸೀಝಡ್-82 ತಗೊಳ್ಳಲಾ? ಗುಂಡಿನ ವಿಚಾರವನ್ನೂ ಹೇಳಿ

ತುಂಗೆ_ದಡದವ (ಡಲ್ಲಾಸ್)

ಎಲ್ಲರಿಗೂ ನಮಸ್ಕಾರ. ಹೋದ ವರ್ಷ ಗ್ರೀನ್ ಕಾರ್ಡ್ ಬಂತು. ಹತ್ತು ತಿಂಗಳಿಂದ ರೇಂಜಿನಲ್ಲಿ ಬಾಡಿಗೆ ಪಿಸ್ತೂಲ್ ಹಿಡಿದು ಗುರಿ ಕಲಿಯುತ್ತಿದ್ದೇನೆ. ಈಗ ಸ್ವಂತದ್ದು ಒಂದು ಬೇಕು ಅನಿಸಿದೆ. ಹೊಸದು ಬೇಡ. ಸೇನೆ ಬಳಸಿ ಬಿಟ್ಟ ಹಳೇ ಪಿಸ್ತೂಲ್ ಅಂದರೆ ನನಗೆ ಪ್ರೀತಿ.

ಮನೆ ಹತ್ತಿರದ ಅಂಗಡಿಯಲ್ಲಿ ಎರಡು ಇವೆ. ಒಂದು ಬಲ್ಗೇರಿಯಾದ ಮಕರೋವ್, ಮೈಮೇಲೆ ಉಂಗುರದೊಳಗೆ 10 ಅನ್ನೋ ಮುದ್ರೆ ಇದೆ. ಇನ್ನೊಂದು ಚೆಕೊಸ್ಲೊವಾಕಿಯಾದ ಸೀಝಡ್-82. ಎರಡಕ್ಕೂ ಒಂದೇ ಗುಂಡು, 9×18 (ಮಿಲಿಮೀಟರ್‌ನಲ್ಲಿ ಗುಂಡಿನ ದಪ್ಪ, ಕೇಸಿನ ಉದ್ದ; ಕೇಸ್ ಅಂದರೆ ಮದ್ದು ತುಂಬಿದ ಲೋಹದ ಕೊಳವೆ). ಬೆಲೆಯೂ ಹೆಚ್ಚುಕಡಿಮೆ ಒಂದೇ. ಒಂದನ್ನು ಮಾತ್ರ ತಗೊಳ್ಳೋಕೆ ಆಗೋದು.

ಎರಡು ಅನುಮಾನ. ಸೀಝಡ್ ಬ್ಯಾರೆಲ್ ಒಳಗೆ ಟಾರ್ಚ್ ಹಾಕಿ ನೋಡಿದೆ. ಸುರುಳಿ ಗೆರೆಗಳೇ ಸರಿಯಾಗಿ ಕಾಣಲಿಲ್ಲ, ಒಳಗೆಲ್ಲ ನುಣ್ಣಗಿತ್ತು. ಸವೆದು ಹೋಗಿದೆಯಾ? ಇನ್ನೊಂದು, ಅಂಗಡಿಯಲ್ಲಿ ಸಾಮಾನ್ಯ 9 ಎಂಎಂ ಗುಂಡು ರಾಶಿ ಬಿದ್ದಿತ್ತು, 9×18 ಎರಡೇ ಡಬ್ಬಿ ಇತ್ತು. ಇದಕ್ಕೆ ಆ ಗುಂಡು ನಡೆಯುತ್ತಾ?

ಕೊಡಗಿನ_ಕೋವಿ (ಹ್ಯೂಸ್ಟನ್)

ಎರಡನೇ ಪ್ರಶ್ನೆಗೆ ಮೊದಲು ಉತ್ತರ ಹೇಳ್ತೇನೆ. ನಡೆಯೋದಿಲ್ಲ. ಯಾವ ಕಾರಣಕ್ಕೂ ಹಾಕಬೇಡಿ.

ಹೆಸರಲ್ಲಿ 9 ಇದೆ ಅಂತ ಎಲ್ಲ ಒಂದೇ ಅಲ್ಲ. ಅಂಗಡಿಯಲ್ಲಿ ರಾಶಿ ಬಿದ್ದಿದ್ದು 9×19. ಅದರ ಗುಂಡಿನ ದಪ್ಪ 9.02 ಮಿಲಿಮೀಟರ್. ಮಕರೋವ್ ಗುಂಡು 9.27. ರಷ್ಯಾದವರು ಬ್ಯಾರೆಲ್ ಒಳಗಿನ ಸುರುಳಿ ಗೆರೆಗಳ ದಿಣ್ಣೆಯಿಂದ ದಿಣ್ಣೆಗೆ ಅಳತೆ ತೆಗೆಯುತ್ತಾರೆ, 9×19ರದ್ದು ತೋಡಿನಿಂದ ತೋಡಿಗೆ. ಅದಕ್ಕೇ ಹೆಸರು ಒಂದೇ, ದಪ್ಪ ಬೇರೆ. 9×19ರ ಕೇಸ್ ಒಂದು ಮಿಲಿಮೀಟರ್ ಉದ್ದ ಬೇರೆ, ಒತ್ತಡವೂ ಜಾಸ್ತಿ. ಇವೆರಡೂ ಬ್ಲೋಬ್ಯಾಕ್ ಪಿಸ್ತೂಲುಗಳು. ಸ್ಲೈಡನ್ನು, ಅಂದರೆ ಗುಂಡು ಹಾರಿದಾಗ ಹಿಂದಕ್ಕೆ ಜಾರುವ ಮೇಲ್ಭಾಗವನ್ನು, ಹಿಡಿದಿಡುವುದು ಅದರ ತೂಕ ಮತ್ತು ಸ್ಪ್ರಿಂಗ್ ಮಾತ್ರ, ಬೇರೆ ಲಾಕ್ ಇಲ್ಲ.

ಅದಕ್ಕಿಂತ ಮೋಸದ್ದು .380. ಅದು 9×17, ಗಿಡ್ಡ. ಒಳಗೆ ಹೋಗಿ ಕೂತರೂ ಕೂರಬಹುದು, ಹಾರಿದರೂ ಹಾರಬಹುದು. ಹಾರಿತು ಅಂದ ಮಾತ್ರಕ್ಕೆ ಸರಿ ಅಲ್ಲ. ಗುಂಡು ಬ್ಯಾರೆಲ್‌ನಲ್ಲಿ ಸಡಿಲ ಆಗುತ್ತದೆ, ಕೇಸ್ ಸೀಳಬಹುದು.

ನಮ್ಮಜ್ಜ ಕೈಲ್‌ಪೊಳ್ದ್ (ಕೊಡವರ ಆಯುಧ ಪೂಜೆಯ ಹಬ್ಬ) ದಿನ ಕೋವಿ ತೊಳೆದು, ಹೂವಿಟ್ಟು, ಆಮೇಲೆ ತೋಟಾ ಕೊಡುತ್ತಿದ್ದರು. ಕೊಡುವ ಮುಂಚೆ ಪ್ರತಿ ತೋಟಾದ ಹಿಂಬದಿಯನ್ನು ಬೆಳಕಿಗೆ ಹಿಡಿದು ಓದುತ್ತಿದ್ದರು. ಒಂದನ್ನೂ ಓದದೆ ಕೊಟ್ಟವರಲ್ಲ. ನೀವೂ ಹಾಗೆ ಮಾಡಿ. ಡಬ್ಬಿ ಮೇಲಿನ ಹೆಸರು ನೋಡಿ ಸುಮ್ಮನಾಗಬೇಡಿ, ಕೇಸಿನ ಹಿಂದಿನ ಅಕ್ಷರ ಓದಿ.

ಶರಾವತಿ (ಫೀನಿಕ್ಸ್)

ಬ್ಯಾರೆಲ್ ಸವೆದಿಲ್ಲ. ಸೀಝಡ್-82 ಬ್ಯಾರೆಲ್ ಹಾಗೇ ಇರೋದು. ಅದರೊಳಗೆ ಚೂಪು ಅಂಚಿನ ತೋಡು ಇಲ್ಲ, ಉರುಟು ಬಹುಭುಜ ಆಕಾರ ಇದೆ. ಒಳಗೆ ಕ್ರೋಮ್ ಲೇಪನ. ಟಾರ್ಚ್ ಹಾಕಿದರೆ ನುಣ್ಣಗೆ ಹೊಳೆಯುತ್ತದೆ. ಮೊದಲ ಸಲ ನೋಡಿದಾಗ ನನಗೂ ಗಾಬರಿ ಆಗಿತ್ತು. ಆರು ವರ್ಷದಿಂದ ಅದೇ ಬ್ಯಾರೆಲ್, ಅದೇ ಗುರಿ. ಬರೀ ಸೀಸದ ಗುಂಡು ಮಾತ್ರ ಹಾಕಬೇಡಿ. ತಾಮ್ರದ ಹೊದಿಕೆ ಇರೋದು ಹಾಕಿ.

ನನ್ನ ವೋಟ್ ಸೀಝಡ್‌ಗೆ. ಮಕರೋವ್ ಮ್ಯಾಗಜಿನ್‌ಗೆ (ಹಿಡಿಯೊಳಗೆ ಕೂರುವ ಗುಂಡಿನ ಪೆಟ್ಟಿಗೆ) 8 ಗುಂಡು, ಇದಕ್ಕೆ 12. ತೂಕದಲ್ಲಿ ವ್ಯತ್ಯಾಸ ಸುಮಾರು 70 ಗ್ರಾಂ ಅಷ್ಟೇ. ಮಕರೋವ್ 730, ಇದು 800. ಆ ತೂಕ ಗುಂಡು ಹಾರುವಾಗ ಕೈಗೆ ಒಳ್ಳೆಯದೇ ಮಾಡುತ್ತದೆ. ಮ್ಯಾಗಜಿನ್ ಬಿಡಿಸುವ ಗುಂಡಿ ಎರಡೂ ಕಡೆ ಇದೆ. ಮಕರೋವ್‌ನಲ್ಲಿ ಅದು ಹಿಡಿಯ ಅಡಿಯಲ್ಲಿದೆ, ಎರಡೂ ಕೈ ಬೇಕು.

ಒಂದು ದೂರು ಇದೆ, ಮುಚ್ಚಿಡಲ್ಲ. ಹಿಡಿ ದಪ್ಪ. ನನ್ನ ಕೈ ಚಿಕ್ಕದು. ಮೊದಲ ಗುಂಡಿಗೆ ಟ್ರಿಗರ್ ಉದ್ದಕ್ಕೆ ಎಳೆಯಬೇಕಲ್ವಾ, ಆಗ ಬೆರಳ ತುದಿ ಮಾತ್ರ ಮುಟ್ಟುತ್ತದೆ. ಕಪ್ಪು ಬಣ್ಣವೂ ಬೇಗ ಚಕ್ಕೆ ಏಳುತ್ತದೆ.

ಹಳೇಕಬ್ಬಿಣ (ಓಹಾಯೊ)

ಶರಾವತಿ ಮೇಡಂ, ನಿಮ್ಮ ಅನುಭವಕ್ಕೆ ಗೌರವ ಕೊಟ್ಟೇ ಹೇಳ್ತೇನೆ, ನಾನು ಒಪ್ಪಲ್ಲ. ಗುರಿ ಕಲಿಯೋ ಹುಡುಗನಿಗೆ 12 ಗುಂಡು ಯಾಕೆ? ಹಳೇ ಪಿಸ್ತೂಲ್ ತಗೊಳ್ಳೋವಾಗ ನೋಡಬೇಕಾದದ್ದು ಬಿಚ್ಚಿ ಜೋಡಿಸೋದು ಎಷ್ಟು ಸುಲಭ, ಬಿಡಿಭಾಗ ಸಿಗುತ್ತಾ ಅನ್ನೋದು.

ಮಕರೋವ್ 1951ರಲ್ಲಿ ಸೋವಿಯತ್ ಸೇನೆಗೆ ಬಂತು, ಟೊಕರೆವ್ ಅನ್ನೋ ಹಳೇ ಪಿಸ್ತೂಲಿನ ಜಾಗಕ್ಕೆ. ಅದರ ಹಿಡಿಯ ಪ್ಲಾಸ್ಟಿಕ್ ಕವಚ ಬಿಚ್ಚಿ ಒಮ್ಮೆ ನೋಡಿ. ಹಿಂದೆ ಒಂದು ಚಪ್ಪಟೆ ಸ್ಪ್ರಿಂಗ್ ಪಟ್ಟಿ ಇರುತ್ತದೆ. ಫೈರಿಂಗ್ ಪಿನ್‌ಗೆ ಹೊಡೆಯುವ ಹ್ಯಾಮರ್ ತಳ್ಳೋದು ಅದೇ (ಆ ಪಿನ್ ಗುಂಡಿನ ಹಿಂಬದಿಗೆ ಕುಟ್ಟುತ್ತದೆ). ಟ್ರಿಗರ್ ಪಟ್ಟಿಯನ್ನು ಜಾಗಕ್ಕೆ ತಳ್ಳೋದು ಅದರದೇ ಇನ್ನೊಂದು ಕವಲು. ಅದರ ಕೆಳತುದಿ ಮಡಚಿದೆಯಲ್ಲ, ಅದೇ ಮ್ಯಾಗಜಿನ್ ಕೊಕ್ಕೆ. ಒಂದು ತುಂಡು ಲೋಹ, ಮೂರು ಕೆಲಸ. ಮೂವತ್ತು ವರ್ಷ ಲೇತ್ ಮುಂದೆ ನಿಂತವನು ನಾನು, ಇಂಥ ಕೆಲಸ ನೋಡಿದರೆ ಮನಸ್ಸು ತುಂಬುತ್ತದೆ. ಪೂರ್ವ ಜರ್ಮನಿ, ಬಲ್ಗೇರಿಯಾ, ಚೀನಾ ಎಲ್ಲ ಕಡೆ ಇದನ್ನು ಮಾಡಿದರು. ಬಿಡಿಭಾಗಕ್ಕೆ ಬರ ಇಲ್ಲ.

ಸುರಕ್ಷತೆ ನೋಡಿ. ಮಕರೋವ್‌ನಲ್ಲಿ ಸೇಫ್ಟಿ ಮೇಲೆತ್ತಿದರೆ ಎತ್ತಿದ ಹ್ಯಾಮರ್ ತಾನೇ ಸುರಕ್ಷಿತವಾಗಿ ಇಳಿಯುತ್ತದೆ. ಸೀಝಡ್-82ರಲ್ಲಿ ಆ ಏರ್ಪಾಡು ಇಲ್ಲ. ಒಳಗೆ ಗುಂಡು ಇರುವಾಗ ಹೆಬ್ಬೆರಳಲ್ಲಿ ಹಿಡಿದು, ಟ್ರಿಗರ್ ಒತ್ತಿ, ನಿಧಾನ ಇಳಿಸಬೇಕು. ಬೆರಳು ಜಾರಿದರೆ? ಹೊಸಬರಿಗೆ ಅದನ್ನು ಹೇಳಿಕೊಡೋಕೆ ನನಗೆ ಧೈರ್ಯ ಇಲ್ಲ.

ಮಕರೋವ್ ತಗೊಂಡರೆ ಒಂದು ಪರೀಕ್ಷೆ ಮಾಡಿ. ಅದರ ಫೈರಿಂಗ್ ಪಿನ್‌ಗೆ ಸ್ಪ್ರಿಂಗ್ ಇಲ್ಲ, ಸಡಿಲವಾಗಿ ಓಡಾಡುತ್ತದೆ. ಸ್ಲೈಡ್ ಬಿಚ್ಚಿ, ಸೇಫ್ಟಿ ಇಳಿಸಿ, ಕಿವಿ ಹತ್ತಿರ ಅಲ್ಲಾಡಿಸಿ. ಟಕ್ ಟಕ್ ಅಂತ ಕೇಳಬೇಕು. ಹಳೇ ಗ್ರೀಸ್ ಗಟ್ಟಿಯಾಗಿ ಪಿನ್ ಮುಂದಕ್ಕೆ ಅಂಟಿಕೊಂಡಿದ್ದರೆ ಸ್ಲೈಡ್ ಮುಚ್ಚುವಾಗಲೇ ಗುಂಡು ಹಾರಬಹುದು. ಮೊದಲು ಅದನ್ನು ತೊಳೆದು ಆಮೇಲೆ ರೇಂಜಿಗೆ ಹೋಗಿ.

ಬಯಲುಸೀಮೆ_1974 (ಸ್ಯಾನ್ ಹೋಸೆ)

ಎರಡೂ ಬೇಡ ಅನ್ನೋದು ನನ್ನ ಮಾತು. ಗುಂಡೇ ಸಿಗದ ಪಿಸ್ತೂಲ್ ಕಟ್ಟಿಕೊಂಡು ಏನು ಮಾಡೋದು? ಒಂದು ಕಾಲದಲ್ಲಿ ರಷ್ಯಾದ ಉಕ್ಕಿನ ಕೇಸಿನ 9×18 ಎಲ್ಲೆಲ್ಲೂ ಅಗ್ಗಕ್ಕೆ ಸಿಗುತ್ತಿತ್ತು. ರಷ್ಯಾದ ವಿರೋಧಿ ನಾಯಕ ನವಾಲ್ನಿಗೆ ವಿಷ ಹಾಕಿದ ವಿಷಯದಲ್ಲಿ 2021ರ ಆಗಸ್ಟ್‌ನಲ್ಲಿ ಅಮೆರಿಕ ಸರ್ಕಾರ ನಿರ್ಬಂಧ ಹೇರಿತು. ರಷ್ಯಾದ ಬಂದೂಕು, ಗುಂಡುಗಳ ಆಮದಿಗೆ ಹೊಸ ಪರವಾನಗಿ ಸೆಪ್ಟೆಂಬರ್ 7ರಿಂದ ನಿಂತಿತು. ಆಮೇಲೆ ಈ ಗುಂಡಿಗೆ ಅಲೆದಾಟ ಶುರುವಾಯಿತು. ಹೊಸ 9×19 ಪಿಸ್ತೂಲ್ ತಗೊಳ್ಳಿ, ಯಾವ ಊರಿಗೆ ಹೋದರೂ ಗುಂಡು ಸಿಗುತ್ತದೆ.

ನನ್ನ ರಾಜ್ಯದವರಿಗೆ ಇನ್ನೊಂದು ಮಾತು. ಕ್ಯಾಲಿಫೋರ್ನಿಯಾದಲ್ಲಿ ಮ್ಯಾಗಜಿನ್ ಮಿತಿ 10. ಸೀಝಡ್‌ನ 12ರದ್ದು ಇಲ್ಲಿ ತಗೊಳ್ಳೋ ಹಾಗಿಲ್ಲ. ನ್ಯೂಜೆರ್ಸಿಯಲ್ಲೂ ಮಿತಿ 10.

ಶರಾವತಿ (ಫೀನಿಕ್ಸ್)

ಬಯಲುಸೀಮೆ ಅವರೇ, ಅಲೆದಾಟ ನಿಜ. ಆದರೆ ಗುಂಡೇ ಇಲ್ಲ ಅನ್ನೋದು ಸರಿಯಲ್ಲ. ಚೆಕ್ ದೇಶದ ಸೆಲ್ಲಿಯರ್ ಆಂಡ್ ಬೆಲ್ಲೋ ಇದೆ. ಸರ್ಬಿಯಾದ ಪ್ರ್ವಿ ಪಾರ್ಟಿಜಾನ್ ಇದೆ. ಇಟಲಿಯ ಫಿಯೊಕ್ಕಿ ಇದೆ. ಹಾರ್ನಡಿಯವರದ್ದೂ ಇದೆ, ಅದು ದುಬಾರಿ. ಮೂಲೆ ಅಂಗಡಿಯಲ್ಲಿ ಸಿಗಲ್ಲ, ಆನ್‌ಲೈನಲ್ಲಿ ಒಟ್ಟಿಗೆ ತರಿಸಬೇಕು. ನಾನು ವರ್ಷಕ್ಕೆ ಒಮ್ಮೆ ಸಾವಿರ ತರಿಸುತ್ತೇನೆ. ಅಡುಗೆಗೆ ವರ್ಷದ ಅಕ್ಕಿ ತಂದಿಟ್ಟ ಹಾಗೆ.

ಯಾರದೋ ಗ್ಯಾರೇಜಿನಲ್ಲಿ ಬಿದ್ದಿದ್ದ ಹಳೇ ಸೇನೆಯ ಗುಂಡು ಸಿಕ್ಕಿದರೆ ಹುಷಾರು. ಅದರ ಪ್ರೈಮರ್ (ಕೇಸಿನ ಹಿಂದೆ ಕಿಡಿ ಹೊತ್ತಿಸುವ ಭಾಗ) ತುಕ್ಕು ಹಿಡಿಸುವ ಜಾತಿಯದ್ದು ಇರಬಹುದು. ಹೊಡೆದ ದಿನವೇ ಬಿಸಿ ನೀರು ಹಾಕಿ ತೊಳೆದು, ಒಣಗಿಸಿ, ಎಣ್ಣೆ ಹಚ್ಚಿ. ನನಗೆ ಪರಿಚಯದವರೊಬ್ಬರು ಹೆಸರೇ ಇಲ್ಲದ ಡಬ್ಬಿಯಲ್ಲಿ 200 ಮಾರಿದರು. ಭಾನುವಾರ ಹೊಡೆದೆ, ತೊಳೆಯಲಿಲ್ಲ. ಬುಧವಾರ ಸ್ಲೈಡಿನ ಮುಖದ ಮೇಲೆ ಕಂದು ಚುಕ್ಕೆ ಎದ್ದಿತ್ತು. ಉಜ್ಜಿ ತೆಗೆದರೂ ಕಲೆ ಉಳಿದಿದೆ.

ಜಯನಗರ_4ನೇ_ಬ್ಲಾಕ್ (ಬೆಂಗಳೂರು)

ಮುಂದೆ ಊರಿಗೆ ವಾಪಸ್ ಬರುವಾಗ ಇದನ್ನು ತರಬಹುದಾ?

ಕೊಡಗಿನ_ಕೋವಿ (ಹ್ಯೂಸ್ಟನ್)

ಆ ಆಸೆ ಇಟ್ಟುಕೊಳ್ಳಬೇಡಿ. ಭಾರತದಲ್ಲಿ 9 ಎಂಎಂ ಪಿಸ್ತೂಲ್ ನಿಷೇಧಿತ ಬೋರ್ (ನಳಿಗೆಯ ಅಳತೆ). ಜನಸಾಮಾನ್ಯರಿಗೆ ಲೈಸೆನ್ಸ್ ಮೇಲೆ ಸಿಗೋದು .32 ಥರದ್ದು. ಶಸ್ತ್ರಾಸ್ತ್ರ ಕಾಯ್ದೆಗೆ 2019ರ ತಿದ್ದುಪಡಿ ಆದಮೇಲೆ ಒಬ್ಬರಿಗೆ ಎರಡೇ ಬಂದೂಕು, ಮೊದಲು ಮೂರಿತ್ತು. ಕೊಡವರಿಗೆ, ಜಮ್ಮಾ (ಕೊಡಗಿನ ಪಾರಂಪರಿಕ ಭೂಮಿ) ಹಿಡುವಳಿದಾರರಿಗೆ 2029ರ ಅಕ್ಟೋಬರ್‌ವರೆಗೆ ವಿನಾಯಿತಿ ಇದೆ, ಆದರೆ ಅದು ಲೈಸೆನ್ಸ್ ವಿಷಯದಲ್ಲಿ. ಅದನ್ನು ನಂಬಿಕೊಂಡು ಯಾರೂ ಇಲ್ಲಿಂದ ಪಿಸ್ತೂಲ್ ಹೊತ್ತುಕೊಂಡು ಹೋಗಬೇಡಿ.

ಎಚ್-1ಬಿ ಮೇಲೆ ಇರುವವರು ಓದುತ್ತಿದ್ದರೆ ನಿಮಗೂ ಒಂದು ಮಾತು. ಆ ವೀಸಾದವರಿಗೆ ಇಲ್ಲಿ ಬಂದೂಕು ಇಟ್ಟುಕೊಳ್ಳೋಕೆ ಸಾಮಾನ್ಯವಾಗಿ ಅವಕಾಶ ಇಲ್ಲ. ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ. ಕಾಗದ ಸರಿಯಾಗಿ ತಿಳಿದುಕೊಳ್ಳದೆ ಅಂಗಡಿಗೆ ಹೋಗಬೇಡಿ.

ತುಂಗೆ_ದಡದವ (ಡಲ್ಲಾಸ್)

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಒಂದು ಮಾತು ಹೇಳೋದು ಮರೆತಿದ್ದೆ. ನಾನು ಎಡಗೈಯವ. ಅಂಗಡಿಯಲ್ಲಿ ಮಕರೋವ್ ಹಿಡಿದಾಗ ಕೈಯಲ್ಲಿ ಚೆನ್ನಾಗಿ ಕೂತಿತ್ತು. ಸೇಫ್ಟಿ ಮಾತ್ರ ಯಾಕೋ ಸಿಗಲಿಲ್ಲ.

ಶರಾವತಿ (ಫೀನಿಕ್ಸ್)

ಇದನ್ನು ಮೊದಲೇ ಹೇಳಬೇಕಿತ್ತು ಮಾರಾಯ್ರೇ! ಮಕರೋವ್ ಸೇಫ್ಟಿ ಸ್ಲೈಡಿನ ಎಡಗಡೆ ಮಾತ್ರ ಇದೆ, ಬಲಗೈ ಹೆಬ್ಬೆರಳಿಗೆ ಸಿಗೋ ಹಾಗೆ. ಸೀಝಡ್-82ರಲ್ಲಿ ಎರಡೂ ಕಡೆ ಇದೆ. ನಮ್ಮ ಯಜಮಾನರೂ ಎಡಗೈಯವರು. ಒಂದೇ ಪಿಸ್ತೂಲನ್ನು ನಾವಿಬ್ಬರೂ ಬಳಸ್ತೇವೆ, ಏನೂ ಬದಲಾಯಿಸೋದು ಬೇಡ.

ಹಳೇಕಬ್ಬಿಣ (ಓಹಾಯೊ)

ಎಡಗೈಯವರು ಮಕರೋವ್ ಬಳಸಿಯೇ ಇಲ್ಲವಾ? ಹ್ಯಾಮರ್ ಇಳಿಸಿ, ಸೇಫ್ಟಿ ಬಿಟ್ಟು, ಮೊದಲ ಗುಂಡಿಗೆ ಟ್ರಿಗರ್ ಉದ್ದಕ್ಕೆ ಎಳೆದರೆ ಆಯಿತು. ಆ ಸೇಫ್ಟಿಯ ಮುಖ್ಯ ಕೆಲಸವೇ ಹ್ಯಾಮರ್ ಇಳಿಸೋದು. ಅದನ್ನು ಇನ್ನೊಂದು ಕೈಯಲ್ಲೂ ಮಾಡಬಹುದು. ಹ್ಯಾಮರ್ ಬೆರಳಲ್ಲಿ ಇಳಿಸೋ ಅಪಾಯಕ್ಕಿಂತ ಇದು ಮೇಲು ಅಂತ ಈಗಲೂ ಹೇಳ್ತೇನೆ.

ಕೊಡಗಿನ_ಕೋವಿ (ಹ್ಯೂಸ್ಟನ್)

ಹಳೇಕಬ್ಬಿಣ ಅಣ್ಣ, ಅನುಭವ ಇರೋ ನಿಮಗೆ ಅದು ಸರಿ. ರೇಂಜಿನಲ್ಲಿ ಆಫೀಸರ್ 'ನಿಲ್ಲಿಸಿ' ಅಂತ ಕೂಗಿದಾಗ ಈ ಹುಡುಗ ಏನು ಮಾಡಬೇಕು? ತುಂಬಿದ ಪಿಸ್ತೂಲನ್ನು ಹಿಡಿದ ಕೈಯ ಮೇಲೆ ಇನ್ನೊಂದು ಕೈ ಹಾಯಿಸಿ ಸೇಫ್ಟಿ ಹುಡುಕಬೇಕು. ಹೊಸಬರ ನಳಿಗೆ ಆಚೀಚೆ ತಿರುಗೋದು ಆಗಲೇ. ನಾನು ಕಣ್ಣಾರೆ ನೋಡಿದ್ದೇನೆ.

ಸೀಝಡ್‌ನಲ್ಲಿ ಹ್ಯಾಮರ್ ಇಳಿಸೋದೇ ಬೇಡ. ಎತ್ತಿದ ಹಾಗೇ ಸೇಫ್ಟಿ ಹಾಕಬಹುದು. ನಿಲ್ಲಿಸಿ ಅಂದರೆ ಸೇಫ್ಟಿ ಹಾಕಿ. ಮ್ಯಾಗಜಿನ್ ತೆಗೆಯಿರಿ. ಆಮೇಲೆ ಸೇಫ್ಟಿ ಬಿಟ್ಟು, ಸ್ಲೈಡ್ ಎಳೆದು, ಒಳಗಿನ ಗುಂಡು ಹೊರಗೆ ಹಾಕಿ. ಕಣ್ಣಿನಲ್ಲೂ ಬೆರಳಿನಲ್ಲೂ ಖಾಲಿ ಅಂತ ನೋಡಿ. ಖಾಲಿ ಪಿಸ್ತೂಲಿನ ಹ್ಯಾಮರ್ ಇಳಿಸೋಕೆ ಭಯ ಯಾಕೆ?

ಹಳೇಕಬ್ಬಿಣ (ಓಹಾಯೊ)

ರೇಂಜಿನ ಮಾತು ಒಪ್ಪಿದೆ. ಹೊಸಬರು ಎಡಗೈಯವರಾದರೆ ಸೀಝಡ್ ಸರಿ. ಗುಂಡು ತರಿಸುವಾಗ ಒಂದು ವಿಷಯ. ತುಂಬಾ ಒಳಾಂಗಣ ರೇಂಜುಗಳಲ್ಲಿ ಕೌಂಟರ್ ಮೇಲೆ ಮ್ಯಾಗ್ನೆಟ್ ಇಟ್ಟಿರುತ್ತಾರೆ. ಗುಂಡು ಅಂಟಿಕೊಂಡರೆ ಒಳಗೆ ಬಿಡಲ್ಲ. ಕೇಸ್ ಹಿತ್ತಾಳೆ ಆದರೂ ಕೆಲವು ಗುಂಡಿನ ಹೊದಿಕೆಯೊಳಗೆ ಉಕ್ಕು ಇರುತ್ತದೆ. ಮೊದಲು ಒಂದೇ ಡಬ್ಬಿ ತರಿಸಿ, ತುದಿಗೆ ಮ್ಯಾಗ್ನೆಟ್ ಹಿಡಿದು ನೋಡಿ, ಆಮೇಲೆ ಸಾವಿರ ತರಿಸಿ.

ತುಂಗೆ_ದಡದವ (ಡಲ್ಲಾಸ್) – ಹದಿನೆಂಟು ದಿನದ ನಂತರ

ಸೀಝಡ್ ತಂದೆ. ಅಂಗಡಿಯಲ್ಲಿ ಇನ್ನೊಮ್ಮೆ ಎರಡನ್ನೂ ಹಿಡಿದು ನೋಡಿದೆ. ಎಡ ಹೆಬ್ಬೆರಳು ಸೀದಾ ಸೇಫ್ಟಿ ಮೇಲೆ ಹೋಗಿ ಕೂತಿತು. ಟ್ರಿಗರ್ ಗಾರ್ಡ್ ಕೆಳಗೆ ಎಳೆದರೆ ಸ್ಲೈಡ್ ಬಿಚ್ಚಿಕೊಳ್ಳೋದು ಮಕರೋವ್ ಥರಾನೇ, ಎರಡು ಸಲದಲ್ಲಿ ಕಲಿತೆ. ಗ್ರೀಸ್ ತೆಗೆಯೋಕೆ ಒಂದು ಸಂಜೆ ಪೂರ್ತಿ ಬೇಕಾಯಿತು. ಮ್ಯಾಗಜಿನ್ ಒಳಗಿಂದಲೂ ಜೇನಿನ ಹಾಗೆ ಸುರಿಯಿತು.

ಫ್ರಿಜ್ ಮೇಲಿನ ಮ್ಯಾಗ್ನೆಟ್ ಹಿಡಿದು ನೋಡಿದೆ. ಮೊದಲು ತರಿಸಿದ ಡಬ್ಬಿ ಅಂಟಿಕೊಂಡಿತು. ಅದನ್ನು ಹೊರಾಂಗಣ ರೇಂಜಿಗೆ ಇಟ್ಟಿದ್ದೇನೆ. ಎರಡನೆಯದು ಅಂಟಲಿಲ್ಲ, ಅದನ್ನೇ 500 ತರಿಸಿದೆ. ಪ್ರತಿ ಕೇಸಿನ ಹಿಂಬದಿ ಓದಿಯೇ ತುಂಬುತ್ತಿದ್ದೇನೆ ಕೊಡಗಿನ ಅಣ್ಣ. ಹೊಡೆತ ನಾನು ಅಂದುಕೊಂಡಿದ್ದಕ್ಕಿಂತ ಚುರುಕಾಗಿದೆ. ಹತ್ತು ಗಜಕ್ಕೆ ಎಲ್ಲ ಗುಂಡೂ ಅಂಗೈ ಅಗಲದಲ್ಲಿ ಬೀಳುತ್ತಿವೆ.

ಹಳೇಕಬ್ಬಿಣ ಸರ್, ಆ ಬಲ್ಗೇರಿಯಾದ ಮಕರೋವ್ ಇನ್ನೂ ಅಲ್ಲೇ ಇದೆ.

ಹಳೇಕಬ್ಬಿಣ (ಓಹಾಯೊ)

ಒಳ್ಳೆಯದಾಯಿತು ಮಗ. ಇಲ್ಲಿನ ಲೈಸೆನ್ಸ್ ಇರುವ ಡೀಲರ್‌ಗೆ ಕಳಿಸಿಕೊಡ್ತಾರಾ ಅಂತ ಅಂಗಡಿಯವರನ್ನ ಒಮ್ಮೆ ಕೇಳು. ಹಾಗೇ ಸ್ಲೈಡ್ ಬಿಚ್ಚಿಸಿ, ಅಲ್ಲಾಡಿಸಿ, ಟಕ್ ಟಕ್ ಅನ್ನುತ್ತಾ ನೋಡಿ ಹೇಳು.