ಮೀನನ್ನೂ ಪೇಟೆಯನ್ನೂ ಒಂದೇ ಚಿತ್ರದಲ್ಲಿ ಬರೆದ ಮೇಷ್ಟ್ರು: ಕೊನೆಗೆ ಸಿಕ್ಕಿದ್ದೇನು?

ಹೊಸ_ಎಂಟೆಕ್:
ಸಿವಿಲ್ ಮುಗಿಸಿ ಇಕಲಾಜಿಕಲ್ ಎಂಜಿನಿಯರಿಂಗ್ (ಜೌಗು, ಕೊಳದಂಥ ಜೀವಿ ವ್ಯವಸ್ಥೆಗಳನ್ನೇ ಕೆಲಸಕ್ಕೆ ಹಚ್ಚುವ ಎಂಜಿನಿಯರಿಂಗ್) ಕಡೆ ವಾಲಿದ್ದೇನೆ. ನಮ್ಮ ಗೈಡ್ ದಿನಕ್ಕೆರಡು ಸಲ ಅಮೆರಿಕದ ಪರಿಸರ ವಿಜ್ಞಾನಿ ಹೋವರ್ಡ್ ಓಡಮ್ ಹೆಸರೆತ್ತುತ್ತಾರೆ. ಆತನ ಚಿತ್ರ ನೋಡಿದರೆ ರೇಡಿಯೋ ರಿಪೇರಿಯವರ ಸರ್ಕ್ಯೂಟ್ ಥರ ಇದೆ. ಎಡಗಡೆ ಸೂರ್ಯ, ಬಲಗಡೆ ಪೇಟೆ, ನಡುವೆ ಬರೀ ಗೆರೆ. ಒಬ್ಬ ಪ್ರೊಫೆಸರ್ ಜೀವಮಾನವಿಡೀ ಇದನ್ನೇ ಮಾಡಿದರೆ ಕೈಗೆ ಹತ್ತುವುದೇನು? ಗೊತ್ತಿದ್ದವರು ಹೇಳಿ.

ನೀರ್ಗಂಟಿ:
ಚಿತ್ರ ಆಮೇಲೆ. ಮೊದಲು ನೀರು ನೋಡಿ.

ಫ್ಲೋರಿಡಾದ ಸಿಲ್ವರ್ ಸ್ಪ್ರಿಂಗ್ಸ್‌ನಲ್ಲಿ ನೆಲದಡಿಯಿಂದ ಉಕ್ಕುವ ನೀರು ವರ್ಷವಿಡೀ ಸುಮಾರು 23 ಡಿಗ್ರಿ, ತಳ ಕಾಣುವಷ್ಟು ತಿಳಿ. ಓಡಮ್ ಅಲ್ಲಿ ಹರಿವಿನ ಮೇಲ್ಗಡೆ, ಕೆಳಗಡೆ ಎರಡೂ ಕಡೆ ಆಮ್ಲಜನಕ ಅಳೆದರು, ಹಗಲೂ ರಾತ್ರಿಯೂ. ರಾತ್ರಿ ಹಸಿರು ಸುಮ್ಮನಿರುತ್ತದೆ, ಉಸಿರಾಟ ಮಾತ್ರ ನಡೆಯುತ್ತದೆ. ಹಗಲಿಗೂ ರಾತ್ರಿಗೂ ಬರುವ ವ್ಯತ್ಯಾಸದಿಂದ ಹಸಿರಿನ ದುಡಿಮೆ ಎಷ್ಟೆಂದು ತೆಗೆಯಬಹುದು. 1957ರ ಲೆಕ್ಕ ಹೀಗಿದೆ: ಚದರ ಮೀಟರಿಗೆ ವರ್ಷಕ್ಕೆ ಗಿಡ-ಪಾಚಿ ಹಿಡಿದಿಟ್ಟದ್ದು 20,810 ಕಿಲೋಕ್ಯಾಲರಿ. ಸಸ್ಯಾಹಾರಿಗಳ ಹಂತಕ್ಕೆ ಬಂದದ್ದು 3,368, ಅವನ್ನು ತಿನ್ನುವವಕ್ಕೆ 383, ತುತ್ತತುದಿಗೆ 21. ನಾನು ಮೊದಲ ಸಲ ಓದಿದಾಗ ಆ 21ರ ಮುಂದೆ ಸೊನ್ನೆ ಬಿಟ್ಟುಹೋಗಿದೆ ಅಂದುಕೊಂಡಿದ್ದೆ.

ಇಷ್ಟಾದ ಮೇಲೆ ಸರ್ಕ್ಯೂಟ್. ಶಕ್ತಿ ಹರಿಯುವುದಾದರೆ ಕರೆಂಟಿನ ಹಾಗೆ ಯಾಕೆ ಬರೆಯಬಾರದು ಅಂತ 1960ರ ಹೊತ್ತಿಗೆ ಬ್ಯಾಟರಿ, ರೆಸಿಸ್ಟರ್ ಹಿಡಿದು ಕೂತರು. ಮುಂದೆ ತಮ್ಮದೇ ಚಿಹ್ನೆಗಳನ್ನು ಕಟ್ಟಿದರು: ಕೂಡಿಟ್ಟದ್ದಕ್ಕೆ ತೊಟ್ಟಿ, ಉಣ್ಣುವವರಿಗೆ ಆರು ಮೂಲೆಯ ಗೂಡು. ಮೀನಿಗೂ ಅದೇ ಗೂಡು, ನಗರಕ್ಕೂ ಅದೇ.

ನನಗೆ ತಲೆಗೆ ಹೊಡೆದದ್ದು ಹಣದ ಗೆರೆ. ಶಕ್ತಿ ಒಂದು ದಿಕ್ಕಿಗೆ ಹೋದರೆ ಹಣ ಚುಕ್ಕಿಗೆರೆಯಾಗಿ ಅದರ ಎದುರಿಗೆ ಬರುತ್ತದೆ. ಆದರೆ ಆ ಗೆರೆ ಮೀನುಗಾರನ ಹತ್ತಿರವೇ ನಿಲ್ಲುತ್ತದೆ, ಮೀನಿನವರೆಗೆ ಹೋಗುವುದಿಲ್ಲ. ಪಾಚಿಗೆ ಸಂಬಳ ಕೊಟ್ಟವರಾರು?

ಕೈಗೆ ಹತ್ತಿದ್ದು ಅಂದಿರಲ್ಲ, 1970ರ ದಶಕದಲ್ಲಿ ಫ್ಲೋರಿಡಾದ ಗೇನ್ಸ್‌ವಿಲ್ ಬಳಿ ಸಂಸ್ಕರಿಸಿದ ಚರಂಡಿ ನೀರನ್ನು ಸೈಪ್ರೆಸ್ ಮರಗಳ ಜೌಗಿಗೆ ಬಿಟ್ಟು ನೋಡಿದ್ದು ಇವರ ತಂಡವೇ. ಚರಂಡಿ ನೀರಿನ ಪೋಷಕಾಂಶ ಜೌಗಿನಲ್ಲೇ ಉಳಿಯುತ್ತದೆಯೇ ಅಂತ ಪರೀಕ್ಷೆ. ಇವತ್ತು ಕಟ್ಟಿದ ಜೌಗುಗಳಲ್ಲಿ ಕೊಳಚೆ ಶುದ್ಧಿ ಮಾಡುವವರು ಆ ಸಾಲಿನಲ್ಲೇ ಬರುತ್ತಾರೆ.

ಅರೆನಂಬಿಕೆ:
ಮೇಲಿನವರು ಎಮರ್ಜಿ ವಿಷಯವನ್ನು ಜಾಣತನದಿಂದ ಹಾರಿಸಿದ್ದಾರೆ. ಮಳೆ, ಅಲೆ, ಡೀಸೆಲ್, ಕೂಲಿಯವನ ಶ್ರಮ ಎಲ್ಲವನ್ನೂ ಬಿಸಿಲಿನ ಲೆಕ್ಕಕ್ಕೆ ಇಳಿಸುತ್ತೇನೆ ಅಂತ ಓಡಮ್ ಹೊರಟರು, ಆ ಲೆಕ್ಕಕ್ಕೇ ಎಮರ್ಜಿ ಅನ್ನುವುದು. ಕುರಿಯಿಂದ ಉಣ್ಣೆಯೂ ಬರುತ್ತದೆ, ಮಾಂಸವೂ ಬರುತ್ತದೆ. ಈ ಪದ್ಧತಿಯಲ್ಲಿ ಎರಡರ ತಲೆಗೂ ಪೂರ್ತಿ ಖರ್ಚು ಕಟ್ಟುತ್ತಾರೆ. ಮುಂದೆಲ್ಲೋ ಎರಡೂ ಸೇರಿದಾಗ ಮೈಮರೆತರೆ ಒಂದೇ ಹುಲ್ಲನ್ನು ಎರಡು ಸಲ ಎಣಿಸಿದಂತೆ. ಅರ್ಥಶಾಸ್ತ್ರದವರು ಮುಖ ಸಿಂಡರಿಸಿದ್ದು ಸುಮ್ಮನೆ ಅಲ್ಲ. 1987ರಲ್ಲಿ ಅಣ್ಣ ಯೂಜೀನ್ ಜೊತೆ ಸ್ವೀಡನ್ನಿನ ವಿಜ್ಞಾನ ಪ್ರಶಸ್ತಿ ಕ್ರಾಫೋರ್ಡ್ ಬಂತು, ಒಪ್ಪೋಣ. ಹಾಗಂತ ಪ್ರತಿ ಗೆರೆಗೂ ಕೈಮುಗಿಯಬೇಕಿಲ್ಲ.

ನೀರ್ಗಂಟಿ:
ಹಾರಿಸಿದ್ದು ನಿಜ, ಸಿಕ್ಕಿಬಿದ್ದೆ. ಎಮರ್ಜಿಯ ಒಟ್ಟು ಮೊತ್ತವನ್ನು ನಾನೂ ಪೂರ್ತಿ ನಂಬುವುದಿಲ್ಲ. ಆದರೆ ಗೆರೆ ಎಳೆಯುವಾಗ ಬಿಟ್ಟದ್ದೇನು ಅಂತ ಕಣ್ಣಿಗೆ ಬೀಳುತ್ತದಲ್ಲ, ಅದಕ್ಕೆ ಈ ಚಿತ್ರ ಇಟ್ಟುಕೊಂಡಿದ್ದೇನೆ.

ಪ್ರಶ್ನೆ ಕೇಳಿದವರಿಗೆ ಒಂದು ಮಾತು. ಇಂಥ ಚಿತ್ರವನ್ನೇ ಸಮೀಕರಣ ಮಾಡಿ ಕಂಪ್ಯೂಟರಿನಲ್ಲಿ ಓಡಿಸಿದ ನನ್ನ ಮೊದಲ ಕೊಳದ ಮಾಡೆಲ್‌ನಲ್ಲಿ ಏಳನೇ ತಿಂಗಳಿಗೆ ಮೈನಸ್ 40 ಮೀನು ಇದ್ದವು. ಎರಡು ದಿನ ಸಮೀಕರಣ ತಿದ್ದಿದೆ. ತಪ್ಪು ಅಲ್ಲಿರಲೇ ಇಲ್ಲ. ತಿಂಗಳಿಗೊಮ್ಮೆ ಲೆಕ್ಕ ಹಾಕಿಸುತ್ತಿದ್ದೆ, ಅಷ್ಟರಲ್ಲಿ ಮಾಡೆಲ್ ಇರುವುದಕ್ಕಿಂತ ಹೆಚ್ಚು ಮೀನು ಕೊಂದುಬಿಡುತ್ತಿತ್ತು. ದಿನಕ್ಕೊಮ್ಮೆ ಮಾಡಿದೆ, ಸರಿಹೋಯಿತು.

ಹೊಸ_ಎಂಟೆಕ್:
ನನ್ನ ಚಿತ್ರದಲ್ಲಿ 14 ತೊಟ್ಟಿ ಇವೆ. ಅಳತೆ ಇರುವುದು ಮೂರಕ್ಕೆ! ರಾತ್ರಿ ಅಳಿಸಲು ಕೂರುತ್ತೇನೆ. ದಿನಕ್ಕೊಮ್ಮೆ ಸಾಕೋ, ಇನ್ನೂ ಇಳಿಸಬೇಕೋ?

ನೀರ್ಗಂಟಿ:
ಅರ್ಧ ದಿನಕ್ಕಿಳಿಸಿ ಇನ್ನೊಮ್ಮೆ ಓಡಿಸಿ. ಉತ್ತರ ಅಲ್ಲಾಡದಿದ್ದರೆ ಸಾಕು.