ಬೊಲೆರೊ ಹಿಂದಿನ ಬ್ರೇಕ್ ಶೂ ಬದಲಿಸಿದೆ: ಎಡಗಡೆ ಡ್ರಮ್ ಕಾಯುತ್ತಿದೆ, ಬಲಗಡೆ ಎಣ್ಣೆ ಸೋರುತ್ತಿದೆ

ಎರೆಹೊಲದವ, ಅಣ್ಣಿಗೇರಿ

ಎಲ್ಲರಿಗೂ ನಮಸ್ಕಾರ. ನನ್ನದು 2006ರ ಬೊಲೆರೊ, ಫೋರ್ ವ್ಹೀಲ್ ಡ್ರೈವ್. ನಮ್ಮ ಹೊಲದ ದಾರಿ ಪೂರ್ತಿ ಎರೆ ಮಣ್ಣು. ಮಳೆ ಬಿದ್ದ ಮರುದಿನ ಅಲ್ಲಿ ಟ್ರ್ಯಾಕ್ಟರ್ ಬಿಟ್ಟರೆ ಇದೊಂದೇ ಗಾಡಿ ನಡೆಯುವುದು. ಕಳೆದ ವಾರ ಹೆಸರುಕಾಳಿನ ಚೀಲ ಹೇರಿಕೊಂಡು ಅಮರಗೋಳದ ಎಪಿಎಂಸಿಗೆ ಹೊರಟಿದ್ದೆ. ಬ್ರೇಕ್ ಒತ್ತಿದಾಗಲೆಲ್ಲ ಹಿಂದಿನಿಂದ ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಸದ್ದು. ಸುಗ್ಗಿಯ ಹೊತ್ತಿನಲ್ಲಿ ಎರಡು ದಿನ ಗಾಡಿಯನ್ನು ಗ್ಯಾರೇಜಿನಲ್ಲಿ ಬಿಡಲು ಮನಸ್ಸಾಗಲಿಲ್ಲ, ನಾನೇ ಬಿಚ್ಚಿದೆ.

ಗಾಲಿಯೊಡನೆ ತಿರುಗುವ ಡ್ರಮ್ (ಬ್ರೇಕ್ ಶೂ ಒಳಗಿನಿಂದ ಒತ್ತುವುದು ಇದನ್ನೇ) ಬಿಡಿಸಲು ಒಂದು ತಾಸು ಹಿಡಿಯಿತು. ಒಳಗೆ ನೋಡಿದರೆ ಹೋಳಿಗೆಯ ಹೂರಣದಂತೆ ಕೆಸರು ಒತ್ತಿಕೊಂಡಿತ್ತು. ಲೈನರ್, ಅಂದರೆ ಶೂ ಮೇಲಿನ ಉಜ್ಜುವ ಪಟ್ಟಿ, ಸವೆದು ರಿವೆಟ್ ಹೊರಗೆ ಬಂದಿದ್ದವು. ಹೊಸ ಶೂ ಹಾಕಿದೆ. ಒಂದು ತಪ್ಪು ಮಾಡಿದೆನೆಂದು ಈಗ ತಿಳಿಯುತ್ತಿದೆ: ಎರಡೂ ಗಾಲಿಗಳನ್ನು ಒಟ್ಟಿಗೆ ಬಿಚ್ಚಿಬಿಟ್ಟೆ. ಯಾವ ಸ್ಪ್ರಿಂಗ್ ಎಲ್ಲಿತ್ತು ಎಂದು ನೋಡಲು ಮಗ ಮೊಬೈಲಿನಲ್ಲಿ ತೆಗೆದ ಒಂದು ಮಸುಕು ಫೋಟೊ ಬಿಟ್ಟರೆ ಬೇರೇನೂ ಇರಲಿಲ್ಲ.

ಈಗ ನಲವಡಿ ದಾಟುವಷ್ಟರಲ್ಲಿ ಎಡಗಡೆಯ ಡ್ರಮ್ ಕೈ ಇಡಲಾಗದಷ್ಟು ಕಾಯುತ್ತಿದೆ. ಬಲಗಡೆ ಮತ್ತೆ ಬಿಚ್ಚಿದರೆ ಹೊಸ ಲೈನರ್ ಎಣ್ಣೆಯಲ್ಲಿ ತೊಯ್ದಿದೆ. ಊರಿನ ಮೆಕ್ಯಾನಿಕ್ ಒಬ್ಬರು, ‘ಪೆಟ್ರೋಲ್ ಸುರಿದು ಬೆಂಕಿ ಹಚ್ಚಿ, ಎಣ್ಣೆ ಸುಟ್ಟು ಹೋಗುತ್ತದೆ, ಪಾಲಿಶ್ ಕಾಗದದಿಂದ ತಿಕ್ಕಿ ಹಾಕಿಕೊಳ್ಳಿ’ ಎಂದರು. ಹಾಗೆ ಮಾಡಬಹುದೇ?

ಡಿಪೋ ಕಾಕಾ, ಹುಬ್ಬಳ್ಳಿ

ತಮ್ಮಾ, ಮೊದಲು ಆ ಪೆಟ್ರೋಲ್ ಬಾಟಲಿಯನ್ನು ದೂರ ಇಡು. ಎಣ್ಣೆ ಕುಡಿದ ಲೈನರನ್ನು ಸುಡುವ ವಿದ್ಯೆ ನನಗೂ ಗೊತ್ತು, ವಯಸ್ಸಿನಲ್ಲಿ ಮಾಡಿಯೂ ಇದ್ದೇನೆ. ಮೇಲೆ ಒಣಗಿದಂತೆ ಕಾಣುತ್ತದೆ. ನಾಲ್ಕು ಸಲ ಜೋರಾಗಿ ಬ್ರೇಕ್ ಹಾಕಿ ಡ್ರಮ್ ಕಾದಿತೋ, ಒಳಗೆ ಇಳಿದ ಎಣ್ಣೆ ಮತ್ತೆ ಮೇಲೆ ಬರುತ್ತದೆ, ಗಾಡಿ ಒಂದು ಬದಿಗೆ ಜಗ್ಗುತ್ತದೆ. ಆ ಶೂ ಹೋದವೆಂದೇ ತಿಳಿ. ಬದಲಿಸುವಾಗ ಎಡಬಲ ಎರಡೂ ಕಡೆ ಬದಲಿಸು. ಎಡಗಡೆಯವೂ ಅಷ್ಟು ಕಾದ ಮೇಲೆ ಗಾಜಿನಂತೆ ನುಣುಪಾಗಿರುತ್ತವೆ.

ಆದರೆ ಹೊಸ ಶೂ ತರುವ ಮೊದಲು ಅದು ಯಾವ ಎಣ್ಣೆ ಎಂದು ಹೇಳು. ಮೂಸಿ ನೋಡು, ಗೇರ್ ಆಯಿಲ್‌ಗೆ ಗಂಧಕದ ಕಟು ವಾಸನೆ ಇರುತ್ತದೆ. ಅನುಮಾನವಿದ್ದರೆ ಒಂದು ಲೋಟ ನೀರಿಗೆ ಒಂದು ಹನಿ ಬಿಡು. ಬ್ರೇಕ್ ಆಯಿಲ್ ಆಗಿದ್ದರೆ ನೀರಿನಲ್ಲಿ ಬೆರೆಯುತ್ತದೆ, ಆಗ ತಪ್ಪು ಶೂಗಳನ್ನು ಡ್ರಮ್ಮಿಗೆ ಒತ್ತುವ ವ್ಹೀಲ್ ಸಿಲಿಂಡರಿನದು. ಅದರ ರಬ್ಬರ್ ಟೊಪ್ಪಿಗೆ ಎತ್ತಿದರೆ ಒಳಗೆ ಹಸಿ ಕಾಣುತ್ತದೆ. ಹನಿ ತೇಲಿದರೆ ಗೇರ್ ಆಯಿಲ್. ಅಂದರೆ ಆಕ್ಸಲಿನ ಎಣ್ಣೆ ಹೊರಬರದಂತೆ ತಡೆಯುವ ಆಕ್ಸಲ್ ಸೀಲ್ ಬಿಟ್ಟಿದೆ.

ಸೀಲ್ ಬಿಟ್ಟಿದ್ದರೂ ಸೀಲನ್ನಷ್ಟೇ ಬದಲಿಸಿ ಸುಮ್ಮನಾಗಬೇಡ. ಹಿಂದಿನ ಆಕ್ಸಲ್ ಹೌಸಿಂಗ್ ಮೇಲೆ ಬೆರಳ ತುದಿಯಷ್ಟು ದೊಡ್ಡ ಬ್ರೀದರ್ ಇರುತ್ತದೆ. ಗಾಡಿ ಓಡಿದಂತೆ ಒಳಗಿನ ಗಾಳಿ ಕಾದು ಹಿಗ್ಗುತ್ತದೆ, ಅದು ಹೊರಗೆ ಹೋಗಲು ಇರುವುದು ಆ ತೂತು. ನಿಮ್ಮ ಮಣ್ಣು ಹಸಿಯಿದ್ದಾಗ ಬೆಣ್ಣೆ, ಒಣಗಿದರೆ ಸಿಮೆಂಟು. ತೂತು ಮುಚ್ಚಿಕೊಂಡರೆ ಒತ್ತಡ ಎಣ್ಣೆಯನ್ನು ಸೀಲಿನ ಮೂಲಕ ಡ್ರಮ್ಮಿನೊಳಕ್ಕೆ ನೂಕುತ್ತದೆ. ಹೊಸ ಸೀಲ್ ಹಾಕಿದರೂ ಅದೇ ಕಥೆ.

ಇನ್ನು ಎಡಗಡೆ. ಮುಂದಿನ ಗಾಲಿಗಳಿಗೆ ಎರಡೂ ಕಡೆಯಿಂದ ಅಡ್ಡ ಕೊಟ್ಟು ಹಿಂಬದಿಯನ್ನು ಎತ್ತು. ಗೇರಿನಲ್ಲಿ ನಿಲ್ಲಿಸಿದ್ದೇನೆಂದು ನಂಬಬೇಡ. ಒಂದೇ ಗಾಲಿ ಎತ್ತಿದಾಗ ಡಿಫರೆನ್ಷಿಯಲ್ (ಎರಡು ಗಾಲಿಗಳ ನಡುವಿನ ಗೇರು) ಆ ಗಾಲಿಯನ್ನು ತಿರುಗಿಸಿ ಗಾಡಿಯನ್ನು ಉರುಳಲು ಬಿಡುತ್ತದೆ. ಜಾಕಿನ ಕೆಳಗೆ ಹಲಗೆ, ಗಾಡಿಯ ಕೆಳಗೆ ಸ್ಟ್ಯಾಂಡು. ಹ್ಯಾಂಡ್ ಬ್ರೇಕ್ ಪೂರ್ತಿ ಇಳಿಸಿ ಗಾಲಿ ತಿರುಗಿಸು. ಬಿಗಿಯಾಗಿದ್ದರೆ ವ್ಹೀಲ್ ಸಿಲಿಂಡರಿನ ಗಾಳಿ ತೆಗೆಯುವ ನಿಪ್ಪಲನ್ನು ಸ್ವಲ್ಪ ಸಡಿಲಿಸು. ಎರಡು ಹನಿ ಚಿಮ್ಮಿ ಗಾಲಿ ಹಗುರವಾದರೆ ಒತ್ತಡ ಹಿಂದಿರುಗುತ್ತಿಲ್ಲ ಎಂದರ್ಥ: ಹೋಸ್ ಪೈಪ್ ಒಳಗೆ ಊದಿಕೊಂಡಿದೆ, ಇಲ್ಲವೇ ಪೆಡಲ್ ಒತ್ತಿದಾಗ ಒತ್ತಡ ಕಳಿಸುವ ಮಾಸ್ಟರ್ ಸಿಲಿಂಡರ್ ಅದನ್ನು ಬಿಡುತ್ತಿಲ್ಲ. ಹಗುರಾಗದಿದ್ದರೆ ಹ್ಯಾಂಡ್ ಬ್ರೇಕ್ ಕೇಬಲನ್ನೂ, ಶೂ-ಡ್ರಮ್ ನಡುವಿನ ಅಂತರ ಹೊಂದಿಸುವ ಅಡ್ಜಸ್ಟರನ್ನೂ ನೋಡು. ಬಹಳಷ್ಟು ಗಾಡಿಗಳಲ್ಲಿ ಎಡಬಲದ ಅಡ್ಜಸ್ಟರ್‌ಗಳ ತಿರುಪಿನ ಸುತ್ತು ತಿರುವುಮುರುವು. ಎರಡನ್ನೂ ಒಟ್ಟಿಗೆ ಬಿಚ್ಚಿದವರು ಅವನ್ನು ಅದಲುಬದಲು ಮಾಡುತ್ತಾರೆ. ಮುಂದಿನ ಸಲ ಒಂದು ಬದಿ ಮುಗಿಸಿ ಇನ್ನೊಂದನ್ನು ಬಿಚ್ಚು, ಬಿಚ್ಚದ ಗಾಲಿಯೇ ನಿನಗೆ ಫೋಟೊ.

ಧೂಳಿಗೆ ಗಾಳಿ ಹೊಡೆಯಬೇಡ, ಒದ್ದೆ ಬಟ್ಟೆಯಿಂದ ಒರೆಸು. ಹಳೆಯ ಲೈನರ್‌ಗಳಲ್ಲಿ ಕಲ್ನಾರು ಇರುತ್ತಿತ್ತು. ಆ ಪುಡಿಯನ್ನು ನಾವು ಎಷ್ಟೋ ವರ್ಷ ಬಾಯಿಂದಲೇ ಊದಿದ್ದೇವೆ, ಬೇಡ ಎನ್ನಲು ಯಾರೂ ಇರಲಿಲ್ಲ.

ಮೆಣಸಿನಕಾಯಿ ಗಾಡಿ, ಬ್ಯಾಡಗಿ

ಕಾಕಾ ಹೇಳಿದ ಮೇಲೆ ನಮ್ಮದೇನಿದೆ! ಆದರೂ ನನ್ನ ಹಣ ಕೇಬಲಿನ ಮೇಲೆ. ನನ್ನ ಹಳೆಯ ಜೀಪಿಗೂ ಇದೇ ಆಗಿತ್ತು. ಲಿವರ್ ಸರಿಯಾಗಿ ಇಳಿಯುತ್ತಿತ್ತು, ಚಕ್ರದ ಹತ್ತಿರ ಮಾತ್ರ ಕೇಬಲ್ ತುಕ್ಕು ಹಿಡಿದು ಎಳೆದ ಜಾಗದಲ್ಲೇ ನಿಂತಿತ್ತು. ಹಳೆಯ ಶೂ ಸವೆದಿದ್ದರಿಂದ ಅಲ್ಲಿಯವರೆಗೆ ಗೊತ್ತಾಗಿರಲಿಲ್ಲ, ದಪ್ಪ ಲೈನರ್ ಬಂದ ಕೂಡಲೇ ಡ್ರಮ್ಮಿಗೆ ಅಂಟಿಕೊಂಡಿತು.

ಸಪ್ತಾಪುರದ ಹುಡುಗ, ಧಾರವಾಡ

ಸರ್, ಹಿಂದೆಯೂ ಡಿಸ್ಕ್ ಬ್ರೇಕ್ ಹಾಕಿಸಿದರೆ ಈ ಗೋಳೇ ಇರುವುದಿಲ್ಲವಲ್ಲ?

ಡಿಪೋ ಕಾಕಾ, ಹುಬ್ಬಳ್ಳಿ

ಕೇಬಲ್ ಸ್ವಚ್ಛ ಮಾಡಲು ಬೇಸರವೆಂದು ಬ್ರೇಕನ್ನೇ ಬದಲಿಸುವುದೇ? ಬ್ರೀದರ್ ಮುಚ್ಚಿದ್ದರೆ ಎಣ್ಣೆ ಆಗಲೂ ಸೋರುತ್ತದೆ, ಡಿಸ್ಕಿನ ಮೇಲೆ.

ಎರೆಹೊಲದವ, ಅಣ್ಣಿಗೇರಿ

ನಾಲ್ಕು ದಿನ ತಡವಾಯಿತು, ಕ್ಷಮಿಸಿ. ಹನಿ ನೀರಿನಲ್ಲಿ ತೇಲಿತು, ವಾಸನೆಯೂ ಕಾಕಾ ಹೇಳಿದ್ದೇ. ಬ್ರೀದರ್ ಎಲ್ಲಿದೆ ಎಂದು ಹುಡುಕುವುದೇ ಕಷ್ಟವಾಯಿತು, ಅದರ ಮೇಲೆ ಹೆಂಟೆಯೇ ಕೂತಿತ್ತು. ಗಾಡಿ ಓಡಿಸಿ ಬಂದವನು ಹಾಗೆಯೇ ತಂತಿ ಚುಚ್ಚಿದೆ. ಕುಕ್ಕರಿನಂತೆ ಉಸ್ಸೆಂದು ಗಾಳಿ ಬಂತು, ಮಗ ಹೆದರಿ ಹಿಂದೆ ಸರಿದ.

ಆಕ್ಸಲ್ ಎಳೆದು ಸೀಲ್ ಹಾಕುವುದು ನನ್ನ ಕೈಲಿ ಆಗಲಿಲ್ಲ. ಅದನ್ನು ಗೋಕುಲ ರಸ್ತೆಯ ಬದಿ ಒಬ್ಬರಲ್ಲಿ ಮಾಡಿಸಿದೆ. ಡ್ರಮ್ಮಿನ ಅಂಚಿನಲ್ಲಿ ಸವೆತದ ದಿಂಡು ಎದ್ದಿತ್ತು. ಲೇತ್‌ನವರು ಅಳೆದು, ಡ್ರಮ್ಮಿನ ಮೇಲೆ ಅಚ್ಚಾದ ಗರಿಷ್ಠ ಅಳತೆಗಿಂತ ಇನ್ನೂ ಒಳಗಿದೆ ಎಂದು ಖಚಿತಪಡಿಸಿಕೊಂಡೇ ತೆಳ್ಳಗೆ ಹೊಡೆದುಕೊಟ್ಟರು.

ಎಡಗಡೆಯ ಪಂದ್ಯ ಬ್ಯಾಡಗಿಯವರದು. ನಿಪ್ಪಲ್ ಸಡಿಲಿಸಿದರೂ ಗಾಲಿ ಬಿಗಿಯಾಗಿಯೇ ಇತ್ತು, ಕೇಬಲಿನ ತುದಿ ಕಳಚಿದ ಕೂಡಲೇ ತಿರುಗಿತು. ಕೇಬಲಿನ ಹೊರಕವಚ ಒಂದೆಡೆ ಒಡೆದು ಒಳಗೆಲ್ಲ ಮಣ್ಣು. ಹೊಸ ಕೇಬಲ್, ಹೊಸ ಶೂ ಎರಡೂ ಕಡೆ ಹಾಕಿದೆ. ನಿನ್ನೆ ಹದಿನೆಂಟು ಚೀಲ ಹೇರಿಕೊಂಡು ಅಮರಗೋಳಕ್ಕೆ ಹೋಗಿ ಇಳಿದು ಮುಟ್ಟಿ ನೋಡಿದೆ, ಎಡಬಲ ಎರಡೂ ಒಂದೇ ಸಮ ಬೆಚ್ಚಗಿದ್ದವು. ಹ್ಯಾಂಡ್ ಬ್ರೇಕ್ ಮಾತ್ರ ಮೊದಲಿಗಿಂತ ಸ್ವಲ್ಪ ಮೇಲೆ ಬರುತ್ತದೆ. ಕೇಬಲಿನ ನಟ್ ಬಿಗಿ ಮಾಡಲೇ?

ಡಿಪೋ ಕಾಕಾ, ಹುಬ್ಬಳ್ಳಿ

ಈಗಲೇ ಮುಟ್ಟಬೇಡ. ಮೊದಲು ಡ್ರಮ್ಮಿನೊಳಗೆ ಶೂ ಸರಿಯಾಗಿ ಹೊಂದಿಸಬೇಕು, ಕೇಬಲ್ ಕೊನೆಗೆ. ಇನ್ನೂರು ಮುನ್ನೂರು ಕಿಲೋಮೀಟರ್ ಓಡಿ ಲೈನರ್ ಕೂರಲಿ, ಆಮೇಲೆ ನೋಡು. ಕೆಸರಿನಿಂದ ಬಂದ ರಾತ್ರಿ ಹ್ಯಾಂಡ್ ಬ್ರೇಕ್ ಎಳೆದು ನಿಲ್ಲಿಸಬೇಡ, ಬೆಳಗಾಗುವುದರೊಳಗೆ ಶೂ ಡ್ರಮ್ಮಿಗೆ ಹಿಡಿದುಕೊಳ್ಳುತ್ತದೆ. ಗಾಲಿಗೆ ಕಲ್ಲು ಇಡು.

ಎರೆಹೊಲದವ, ಅಣ್ಣಿಗೇರಿ

ಎರೆ ಹೊಲದಲ್ಲಿ ಕಲ್ಲು ಎಲ್ಲಿಂದ ತರಲಿ ಕಾಕಾ? ಮುರಿದ ಕೂರಿಗೆಯ ದಿಂಡು ಕೊಟ್ಟಿಗೆಯಲ್ಲಿತ್ತು, ಅದನ್ನೇ ಎರಡು ತುಂಡು ಮಾಡಿ ಗಾಡಿಯಲ್ಲಿ ಹಾಕಿಕೊಂಡಿದ್ದೇನೆ.